ಮೂಗಿನ ಟ್ಯೂಬ್: ಗುಳುಗುಳು ಸದ್ದು ನಂಬಬೇಡಿ

ಮೂಗಿನಿಂದ ಹೊಟ್ಟೆಗೆ ಆಹಾರ ಕೊಡುವ ಟ್ಯೂಬ್ ಹಾಕಿದ್ದಾಯಿತು. ಸಿರಿಂಜ್‌ನಿಂದ ಗಾಳಿ ತಳ್ಳಿ, ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಗುಳುಗುಳು ಅಂತು. ‘ಸರಿ, ಫೀಡ್ ಶುರು ಮಾಡಿ.’ ಐಸಿಯುನಲ್ಲಿ ಈ ಮಾತು ಕೇಳಿದಾಗೆಲ್ಲ ನನ್ನ ಎದೆ ಧಸಕ್ ಅನ್ನುತ್ತದೆ. ತುದಿ ಶ್ವಾಸಕೋಶದಲ್ಲಿದ್ದರೂ ಅದೇ ಸದ್ದು ಬರಬಹುದು. ಬ್ರಿಟನ್‌ನ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಈ ಪರೀಕ್ಷೆ ಬೇಡ ಎಂದಿತ್ತು. ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಮೊದಲು ಟ್ಯೂಬ್ ಎಷ್ಟು ಒಳಗೆ ಹೋಗಬೇಕೆಂಬ ಅಳತೆ. ಮೂಗಿನ ತುದಿಯಿಂದ ಕಿವಿಯ ಹಾಲೆ, ಅಲ್ಲಿಂದ ಎದೆಮೂಳೆಯ ಕೆಳತುದಿ. ತಲೆಬುರುಡೆಯ ತಳ ಮುರಿದಿದ್ದರೆ ಮೂಗಿನ ತಂಟೆಗೇ ಹೋಗಬೇಡಿ, ಬಾಯಿಯಿಂದ ಹಾಕಿ.

ತುದಿಗೆ ನೀರಿನಲ್ಲಿ ಕರಗುವ ಜೆಲ್ ಹಚ್ಚಿ, ಮೂಗಿನ ತಳ ಹಿಡಿದು ನೇರ ಹಿಂದಕ್ಕೆ ಬಿಡಿ. ತಡೆ ಸಿಕ್ಕರೆ ಒತ್ತಬೇಡಿ. ಎಚ್ಚರವಿದ್ದವರು ತಪ್ಪು ದಾರಿಯಾದರೆ ಸಾಮಾನ್ಯವಾಗಿ ಕೆಮ್ಮುತ್ತಾರೆ; ನಿದ್ದೆಯ ಮದ್ದಿನಲ್ಲಿ ಮಲಗಿದವರು ಕೆಮ್ಮದೇ ಇರಬಹುದು. ‘ವೆಂಟಿಲೇಟರ್ ಟ್ಯೂಬಿನ ಬಲೂನು ಉಬ್ಬಿ ದಾರಿ ಮುಚ್ಚಿದೆ, ಶ್ವಾಸನಾಳಕ್ಕೆ ಹೋಗಲ್ಲ’ ಅನ್ನುವುದು ಸುಳ್ಳು ಧೈರ್ಯ. ತೆಳು ಟ್ಯೂಬ್ ಬಲೂನಿನ ಪಕ್ಕದಲ್ಲೇ ನುಸುಳುತ್ತದೆ. ಟ್ಯೂಬನ್ನು ಗಟ್ಟಿಯಾಗಿಡುವ ಒಳಗಿನ ತಂತಿ ಒಮ್ಮೆ ಎಳೆದ ಮೇಲೆ, ಟ್ಯೂಬ್ ರೋಗಿಯೊಳಗಿರುವಾಗ ಮತ್ತೆ ತೂರಿಸಬೇಡಿ. ಪಕ್ಕದ ತೂತಿನಿಂದ ಹೊರಬಂದು ಚುಚ್ಚಿಬಿಡುತ್ತದೆ.

ಈಗ ನಿಜವಾದ ಕೆಲಸ. ಟ್ಯೂಬಿನಿಂದ ರಸ ಎಳೆದು ಪಿಎಚ್ ಪಟ್ಟಿಗೆ ತಾಗಿಸಿ. ಅಂಕಿ ಕಮ್ಮಿಯಾದಷ್ಟೂ ಆಮ್ಲ ಜಾಸ್ತಿ. 5.5 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಹೊಟ್ಟೆಯ ರಸ ಎಂದು ಹಿಡಿಯಬಹುದು. ಲಿಟ್ಮಸ್ ಪಟ್ಟಿ ಬೇಡವೇ ಬೇಡ. ಆಮ್ಲ ಇದೆ ಅನ್ನುತ್ತದೆ, ಎಷ್ಟಿದೆ ಅನ್ನಲ್ಲ. ಆದರೆ ಐಸಿಯು ರೋಗಿಗಳಲ್ಲಿ ಜಾಸ್ತಿ ಜನಕ್ಕೆ ಆಮ್ಲ ತಗ್ಗಿಸುವ ಮದ್ದು ನಡೆಯುತ್ತಿರುತ್ತದೆ, ಪಿಎಚ್ ಏರಿರುತ್ತದೆ. ಹಾಗಾಗಿ ಹೊಸ ಟ್ಯೂಬ್ ಅಂದರೆ ನನ್ನ ಲೆಕ್ಕದಲ್ಲಿ ಎಕ್ಸ್-ರೇ ಅಷ್ಟೇ.

ಫಿಲ್ಮಿನಲ್ಲಿ ಟ್ಯೂಬನ್ನು ಮೇಲಿಂದ ಕೆಳಗೆ ಬೆರಳಿಟ್ಟು ಹಿಂಬಾಲಿಸಿ. ಶ್ವಾಸನಾಳ ಕವಲೊಡೆಯುವ ಜಾಗವನ್ನು ಅದು ನೇರ ದಾಟಬೇಕು. ಕವಲಿನ ಜೊತೆ ಪಕ್ಕಕ್ಕೆ ಹೊರಳಿತೋ, ಶ್ವಾಸಕೋಶಕ್ಕೆ ಹೋಗಿದೆ, ತಕ್ಷಣ ತೆಗೆಯಿರಿ. ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ, ಅಂದರೆ ವಪೆಯನ್ನೂ ನಡುವಿನಲ್ಲೇ ದಾಟಿ, ಆಮೇಲೆ ಎಡಕ್ಕೆ ತಿರುಗಿ, ತುದಿ ಎಡ ವಪೆಯ ಕೆಳಗೆ ಕಾಣಬೇಕು. ತುದಿ ಕಾಣಲಿಲ್ಲವೇ? ಇನ್ನೊಂದು ಫಿಲ್ಮ್ ತೆಗೆಸಿ. ಅಂದಾಜು ಬೇಡ. ಹೆಸರು, ದಿನ, ಗಂಟೆ ಕೂಡ ಓದಿ. ಒಂದು ರಾತ್ರಿ ಪಾಳಿಯಲ್ಲಿ ಹಿಂದಿನ ದಿನದ ಫಿಲ್ಮ್ ನೋಡಿ ಫೀಡ್ ಪಂಪ್ ಒತ್ತಲು ಹೊರಟವರ ಕೈ ಹಿಡಿದು ನಿಲ್ಲಿಸಿದ್ದೇನೆ. ಖಾತ್ರಿಯಾಗುವ ತನಕ ಟ್ಯೂಬಿಗೆ ನೀರನ್ನೂ ಬಿಡಬೇಡಿ.

ಆಮೇಲಿನದು ಸುಲಭ: ಟೇಪ್ ಹಚ್ಚಿ, ಮೂಗಿನ ಹತ್ತಿರದ ಸೆಂಟಿಮೀಟರ್ ಗುರುತು ಬರೆದಿಡಿ, ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತಿ. ಅಗ್ಗದ ಪೇಪರ್ ಟೇಪ್ ಮಾತ್ರ ತರಬೇಡಿ, ಬೆವರಿಗೆ ಬಿಟ್ಟುಕೊಳ್ಳುತ್ತದೆ. ಪಾಳಿ ಬದಲಾದಾಗ, ರೋಗಿ ವಾಂತಿ ಮಾಡಿದಾಗ, ಜೋರಾಗಿ ಕೆಮ್ಮಿದಾಗ ಗುರುತು ನೋಡಿ. ಅದು ಎರಡು ಬೆರಳು ಹೊರಗೆ ಬಂದಿದ್ದರೆ ಮೊದಲು ಪಂಪ್ ನಿಲ್ಲಿಸಿ, ಆಮೇಲೆ ಡಾಕ್ಟರನ್ನು ಕರೆಯಿರಿ.