ಮುಂಬೈಯಲ್ಲಿ ಮಾನವ ಭೂಗೋಳ: ಸಂಶೋಧನೆಗೆ ಇಳಿಯುವವರಿಗೆ

ಭೂಗೋಳ ಅಂದರೆ ನದಿ, ಬೆಟ್ಟ, ಮಳೆ ಅಷ್ಟೇ ಅಲ್ಲ. ಈ ಊರಲ್ಲಿ ಯಾರಿಗೆ ಜಾಗ ಸಿಗುತ್ತದೆ, ಯಾರ ಮನೆ ಒಡೆಯುತ್ತಾರೆ, ಅದನ್ನು ತೀರ್ಮಾನಿಸುವವರು ಯಾರು ಎಂದು ಕೇಳುವುದೂ ಭೂಗೋಳವೇ. ಅಲ್ಲಿ ಬದುಕುವವರ ಜೊತೆ ಕೂತು, ಅವರೂ ಸಂಶೋಧಕರೇ ಎಂದುಕೊಂಡು ಉತ್ತರ ಹುಡುಕುವ ಆಸೆ ಇದ್ದರೆ ಮುಂದೆ ಓದಿ.

ಮೊದಲು ಪರೀಕ್ಷೆ ಮಾತು ಮುಗಿಸೋಣ. ಕಲೀನಾದ ಮುಂಬೈ ವಿಶ್ವವಿದ್ಯಾಲಯದಲ್ಲಿ ಭೂಗೋಳದ ಎಂ.ಎ. ಇದೆ, ದೇವನಾರ್‌ನ ಟಿಸ್‌ನಲ್ಲಿ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಹ್ಯಾಬಿಟ್ಯಾಟ್ ಸ್ಟಡೀಸ್, ಅಂದರೆ ಜನವಸತಿಯ ಅಧ್ಯಯನ ಇದೆ. ಎಂ.ಎ. ಕೊನೆಯ ವರ್ಷದಲ್ಲೇ ನೆಟ್ ಬರೆಯಿರಿ, ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆಗೂ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್‌ಗೂ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆ ಅದು: 150 ಪ್ರಶ್ನೆ, 300 ಅಂಕ, 3 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಬಿಡಬೇಡಿ. ಮಹಾರಾಷ್ಟ್ರದ ರಾಜ್ಯಮಟ್ಟದ ಪರೀಕ್ಷೆ ಸೆಟ್ ಪಾಸಾದರೆ ಇಲ್ಲಿ ಪಾಠ ಮಾಡುವ ಅರ್ಹತೆ ಬರುತ್ತದೆ, ಫೆಲೋಶಿಪ್ ಬರುವುದಿಲ್ಲ. ಮುಂಬೈ ಬಾಡಿಗೆ ಗೊತ್ತಲ್ವಾ, ಜೆಆರ್‌ಎಫ್‌ಗೇ ಗುರಿ ಇಡಿ.

ಈಗ ನಿಜವಾದ ಕೆಲಸ. 1985ರಲ್ಲಿ ಮುಂಬೈಯ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆ ಫುಟ್‌ಪಾತ್ ಮೇಲೆ ಬದುಕುವವರನ್ನೇ ಸೇರಿಸಿಕೊಂಡು ಅವರ ಗಣತಿ ಮಾಡಿತು. ಇವತ್ತು ಬಂದು ನಾಳೆ ಹೋಗುವವರು ಎಂದು ಊರು ತಿಳಿದಿದ್ದ ಜನ, ತಾವು ಎಲ್ಲಿಂದ ಬಂದೆವು, ಎಷ್ಟು ವರ್ಷದಿಂದ ಇದ್ದೇವೆ, ಏನು ದುಡಿಯುತ್ತೇವೆ ಎಂದು ಅಂಕಿ ಮುಂದಿಟ್ಟು ಮಾತಾಡುವ ಹಾಗಾಯಿತು. ನಿಮ್ಮ ಥೀಸಿಸ್‌ನಿಂದ ಅಲ್ಲಿನವರ ಕೈಗೆ ಇಂಥದ್ದೇನು ಸಿಗುತ್ತದೆ ಎಂದು ವಿಷಯ ಆರಿಸುವಾಗಲೇ ಯೋಚಿಸಿ.

ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲ ಇದೆ. ಬೆಳಿಗ್ಗೆ ನಾಕಾದಲ್ಲಿ, ಅಂದರೆ ರಸ್ತೆ ಕೂಡುವ ಕಡೆ, ಕೂಲಿಗೆ ಕಾಯುವ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರ ಜೊತೆ ಅವರ ಮಾತಲ್ಲೇ ಮಾತಾಡಬಹುದು. ಆದರೆ ನಾಕಾದಲ್ಲೇ ಸಂದರ್ಶನಕ್ಕೆ ನಿಲ್ಲಿಸಬೇಡಿ, ಆ ಹೊತ್ತಿಗೆ ಆಳುಗಳನ್ನು ಕರೆದೊಯ್ಯುವ ಮುಕಾದಮ ಬಂದು ಹೋದರೆ ಅವರ ಅವತ್ತಿನ ಕೂಲಿಯೇ ಹೋಯಿತು. ರಜಾ ದಿನ ಸಂಜೆ ಮನೆ ಹತ್ತಿರ ಹೋಗಿ. ಸುಮ್ನೆ ಪ್ರಶ್ನೆಪಟ್ಟಿ ಓದುವ ಬದಲು ದೊಡ್ಡ ಹಾಳೆ, ಸ್ಕೆಚ್ ಪೆನ್ ಕೊಟ್ಟು, ನೀರು ಎಲ್ಲಿಂದ ತರುತ್ತೀರಿ, ರಾತ್ರಿ ಯಾವ ದಾರಿಗೆ ಹೆದರಿಕೆ ಎಂದು ಕೇಳಿ, ನಕ್ಷೆ ಅವರೇ ಬಿಡಿಸಲಿ. ಹೆಂಗಸರು ಬೇರೆ ಕೂತು ಬಿಡಿಸಲಿ, ಗಂಡಸರ ನಕ್ಷೆಯಲ್ಲಿ ಇಲ್ಲದ್ದು ಅದರಲ್ಲಿ ಕಾಣುತ್ತದೆ. ಆಮೇಲೆ ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ಸಾಫ್ಟ್‌ವೇರ್‌ಗೆ ಹಾಕಿ, ಅದು ಪುಕ್ಕಟೆ ಸಿಗುತ್ತದೆ.

ಪ್ರಕಟಿಸುವ ಮುಂಚೆ ಮಾತ್ರ ದಯವಿಟ್ಟು ತಡೆಯಿರಿ. ದಾಖಲೆ ಇಲ್ಲದ ಮನೆಗಳು ಎಲ್ಲಿವೆ ಎಂಬುದು ಒಡೆಯಲು ಬರುವವರಿಗೂ ಕಾಣುತ್ತದೆ. ಏನು ಅಳಿಸಬೇಕು ಎಂದು ಅಲ್ಲಿನವರೇ ಹೇಳಲಿ.

ಇದಕ್ಕೆಲ್ಲ ಸಮಯ ಜಾಸ್ತಿ ಹಿಡಿಯುತ್ತದೆ, ಒಪ್ಪುವ ಗೈಡ್ ಬೇಕು. ಸೇರುವ ಮುಂಚೆ ಅವರ ಹಳೇ ವಿದ್ಯಾರ್ಥಿಗಳನ್ನು ವಿಚಾರಿಸಿ. ಥೀಸಿಸ್ ಇಂಗ್ಲಿಷಿನಲ್ಲಿ ಇರಲಿ, ಆದರೆ ಕನ್ನಡ, ಮರಾಠಿಯಲ್ಲಿ ಎರಡೆರಡು ಪುಟ ಬರೆದು ಅವರಿರುವ ಬಸ್ತಿಯಲ್ಲೇ ಓದಿ ಹೇಳಿ. ಅವರು ತಪ್ಪು ಎಂದದ್ದನ್ನು ಸಲ್ಲಿಸುವ ಮುಂಚೆಯೇ ತಿದ್ದಿ.