ಪ್ರೂಫ್‌ನಲ್ಲಿ ಇನ್ನೂ ಎಷ್ಟು ತಪ್ಪು ಉಳಿದಿವೆ? ಲೆಕ್ಕ ಹಾಕಿ ನೋಡಿ

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಇಲ್ಲಿ ಜಾತ್ರೆಯ ಸ್ಮರಣ ಸಂಚಿಕೆಯೊಂದು ಅಚ್ಚಿಗೆ ಹೋಗುವ ಮುಂಚೆ ಒಂದೇ ಚಿಂತೆ: ಪ್ರೂಫ್ (ತಪ್ಪು ತಿದ್ದಲು ತೆಗೆಸುವ ಕರಡು ಪ್ರತಿ) ನೋಡಿದ ಮೇಲೂ ತಪ್ಪು ಉಳಿದಿದ್ದರೆ? ದೇಣಿಗೆ ಕೊಟ್ಟವರ ಹೆಸರಿನಲ್ಲಿ ‘ಹಿರೇಮಠ’ ಹೋಗಿ ‘ಹಿರೇಮಟ’ ಆದರೆ ಅವರಿಗೆ ನೋವಾಗುತ್ತದೆ ಅಲ್ವಾ? ಕಣ್ಣಿಗೆ ಬೀಳದ ತಪ್ಪನ್ನೂ ಅಂದಾಜು ಎಣಿಸಬಹುದು. ಗಣಿತಜ್ಞ ಜಾರ್ಜ್ ಪೋಲ್ಯ 1976ರಲ್ಲಿ ಅದಕ್ಕೊಂದು ಸುಲಭ ದಾರಿ ತೋರಿಸಿದರು.

ಮೊದಲು ಒಂದೇ ಪ್ರೂಫಿನ ಎರಡು ಪ್ರತಿ ತೆಗೆಸಿ, ಇಬ್ಬರಿಗೆ ಕೊಡಿ. ಒಬ್ಬರು ಹಾಕಿದ ಕೆಂಪು ಗುರುತು ಇನ್ನೊಬ್ಬರಿಗೆ ಕಾಣಲೇಬಾರದು. ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ. ಒಬ್ಬರು ತಪ್ಪು ಹಿಡಿದರೋ ಬಿಟ್ಟರೋ ಎಂಬುದರಿಂದ ಇನ್ನೊಬ್ಬರು ಹಿಡಿಯುವ ಸಾಧ್ಯತೆ ಬದಲಾಗಬಾರದು. ಇವೇ ಸ್ವತಂತ್ರ ಘಟನೆಗಳು. ಹೀಗಿದ್ದಾಗ ಮಾತ್ರ ಎರಡು ಸಂಭವನೀಯತೆಗಳನ್ನು ಸುಮ್ನೆ ಗುಣಿಸಬಹುದು.

ಅಕ್ಕ 30 ತಪ್ಪು ಹಿಡಿದಳು, ತಮ್ಮ 24 ಹಿಡಿದ ಅಂದುಕೊಳ್ಳಿ. ಎರಡೂ ಪ್ರತಿ ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರಿಗೂ ಸಿಕ್ಕವು 20.

ತಮ್ಮನ 24ರಲ್ಲಿ ಅಕ್ಕನಿಗೆ 20 ಸಿಕ್ಕಿವೆ. ಅಂದರೆ ಅವಳು ಆರರಲ್ಲಿ ಐದು ಹಿಡಿಯುತ್ತಾಳೆ, ಒಂದು ಬಿಡುತ್ತಾಳೆ. ಅಕ್ಕನ 30ರಲ್ಲಿ ತಮ್ಮನಿಗೆ ಸಿಕ್ಕವು 20. ಅವನು ಮೂರರಲ್ಲಿ ಒಂದು ಬಿಡುತ್ತಾನೆ. ಒಂದೇ ತಪ್ಪನ್ನು ಇಬ್ಬರೂ ಬಿಡುವ ಸಂಭವನೀಯತೆ 1/6 × 1/3 = 1/18.

ಅಕ್ಕ ಹಿಡಿದ 30 ಒಟ್ಟು ತಪ್ಪಿನ ಆರರಲ್ಲಿ ಐದು ಪಾಲು. ಹಾಗಾದರೆ ಒಟ್ಟು 36. ಅದರ 1/18 ಅಂದರೆ 2. ತಾಳೆ ನೋಡೋಣ: ಇಬ್ಬರೂ ಸೇರಿ ಹಿಡಿದದ್ದು 30 + 24 − 20 = 34. ಉಳಿದದ್ದು ಎರಡೇ.

ಅದೇ 30, ಅದೇ 24, ಆದರೆ ಇಬ್ಬರಿಗೂ ಸಿಕ್ಕವು ಬರೀ 8 ಆಗಿದ್ದರೆ? ತಮ್ಮನ 24ರಲ್ಲಿ ಅಕ್ಕನಿಗೆ 8 ಸಿಕ್ಕಿವೆ, ಅಂದರೆ ಅವಳು ಮೂರರಲ್ಲಿ ಒಂದನ್ನಷ್ಟೇ ಹಿಡಿಯುತ್ತಾಳೆ. ಹಾಗಾದರೆ ಒಟ್ಟು 30 × 24 ÷ 8 = 90. ಹಿಡಿದದ್ದು 46, ಉಳಿದದ್ದು 44! ಅಂಥ ಪ್ರೂಫನ್ನು ದಯವಿಟ್ಟು ಅಚ್ಚಿಗೆ ಕಳಿಸಬೇಡಿ.

ಒಂದು ಎಚ್ಚರ ಬೇಕು. ಲ–ಳ, ಶ–ಷ ಇಬ್ಬರಿಗೂ ಗೊಂದಲವಾದರೆ ಇಬ್ಬರೂ ಅದೇ ಜಾಗದಲ್ಲಿ ಎಡವುತ್ತಾರೆ. ಆಗ ಸ್ವಾತಂತ್ರ್ಯ ಹೋಯಿತು. ನಿಜವಾಗಿ ಉಳಿದ ತಪ್ಪು ಲೆಕ್ಕಕ್ಕಿಂತ ಜಾಸ್ತಿ ಇರುತ್ತದೆ. ಅದಕ್ಕೇ ಕಾಗುಣಿತ ಬಲ್ಲ ಮೇಷ್ಟ್ರೊಬ್ಬರು, ಊರಿನ ಮನೆತನಗಳ ಹೆಸರು ಬಲ್ಲ ಹಿರಿಯರೊಬ್ಬರು ಇರಲಿ ಅಂತ ನನ್ನ ಸಲಹೆ.

ಉಳಿದ ಆ ಎರಡು ತಪ್ಪು ಎಲ್ಲಿವೆ ಅಂತ ಲೆಕ್ಕ ಹೇಳುವುದಿಲ್ಲ. ಮೂರನೆಯವರನ್ನು ಕೂರಿಸಿದರೆ, ಹೆಸರು, ತಾರೀಖು, ಫೋನ್ ನಂಬರ್ ಇರುವ ಪುಟಗಳಿಂದಲೇ ಶುರು ಮಾಡಿಸಿ.