ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಕೊಳ್ಳುವ ಮುನ್ನ ಅದರ ಅಡಿಯಲ್ಲಿ ಮಲಗಿ ನೋಡಿ

ಸೆಕೆಂಡ್ ಹ್ಯಾಂಡ್ ಆಫ್‌ರೋಡ್ ಗಾಡಿಯನ್ನು ನೋಡಲು ಹೋಗುವಾಗ ನಾನು ಹಳೆಯ ಅಂಗಿಯನ್ನೇ ತೊಡುತ್ತೇನೆ. ಕೈಯಲ್ಲಿ ಒಂದು ಟಾರ್ಚ್, ಒಂದು ಸಣ್ಣ ಸುತ್ತಿಗೆ, ನೆಲಕ್ಕೆ ಹಾಸಲು ಒಂದು ಚೀಲ ಇರುತ್ತವೆ. ಬಾನೆಟ್ ಎತ್ತುವುದಕ್ಕೂ ಮೊದಲು ಗಾಡಿಯ ಅಡಿಗೆ ನುಸುಳುತ್ತೇನೆ. ಮೊದಲ ಗಾಡಿಯನ್ನು ಕೊಂಡಾಗ ಈ ಕ್ರಮ ನನಗೆ ಗೊತ್ತಿರಲಿಲ್ಲ. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇತ್ತು, ಬಣ್ಣ ಹೊಳೆಯುತ್ತಿತ್ತು, ಅಷ್ಟಕ್ಕೇ ಒಪ್ಪಿಕೊಂಡೆ. ವರ್ಷ ತುಂಬುವುದರೊಳಗೆ ಕೊಂಡ ಬೆಲೆಯ ಮೂರರಲ್ಲಿ ಒಂದು ಪಾಲು ರಿಪೇರಿಗೆ ಹೋಯಿತು. ಅಂದಿನಿಂದ ಪ್ರತಿಯೊಂದು ಖರ್ಚನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. 11 ವರ್ಷಗಳ ಆ ಪುಟಗಳನ್ನು ತಿರುವಿದರೆ, ದೊಡ್ಡ ಬಿಲ್ಲುಗಳ ಹಿಂದೆ ಮತ್ತೆ ಮತ್ತೆ ಕಾಣುವ ಕಾರಣ ಒಂದೇ: ಹೋಗಬಾರದ ಜಾಗಕ್ಕೆ ನೀರು ಹೋಗಿತ್ತು. ಎಂಜಿನ್ ಸವೆದು ಬಂದ ಖರ್ಚು ಅದರ ಮುಂದೆ ಸಣ್ಣದು.

ಚಾಸಿಯಿಂದ ಆರಂಭಿಸಿ. ಹಳೆಯ ಆಫ್‌ರೋಡ್ ಗಾಡಿಗಳಲ್ಲಿ ಹೆಚ್ಚಿನವು ಏಣಿಯಾಕಾರದ ಉಕ್ಕಿನ ಚಾಸಿಯ ಮೇಲೆ ನಿಂತಿರುತ್ತವೆ. ಅದರ ಉದ್ದನೆಯ ತೊಲೆಗಳ ಒಳಗು ಟೊಳ್ಳು. ರಂಧ್ರಗಳಿಂದ ಒಳಹೊಕ್ಕ ಕೆಸರು ಅಲ್ಲೇ ಕೂತು, ತೇವವನ್ನು ಹಿಡಿದಿಟ್ಟುಕೊಂಡು, ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಸಾಗಿ. ಗಟ್ಟಿ ಉಕ್ಕು ಸ್ಪಷ್ಟವಾಗಿ ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಹಿಂದಿನ ಸ್ಪ್ರಿಂಗ್ ಕೂರುವ ಜಾಗ ಮತ್ತು ತೀರಾ ಹಿಂಬದಿಯ ಅಡ್ಡ ತೊಲೆಯ ಬಳಿ ಹೆಚ್ಚು ಹೊತ್ತು ಕಳೆಯಿರಿ. ಗಾಡಿ ಹಳೆಯದು, ಆದರೆ ಅಡಿಗೆ ಬಳಿದ ಕಪ್ಪು ಬಣ್ಣ ಮಾತ್ರ ಹೊಚ್ಚ ಹೊಸದು ಎಂದಾದರೆ ನಾನು ಅನುಮಾನದಿಂದಲೇ ನೋಡುತ್ತೇನೆ. ಮೈ ನೋಡಿ ಚಾಸಿಯನ್ನು ಅಳೆಯಲಾಗುವುದಿಲ್ಲ ಎನ್ನುವುದಕ್ಕೆ ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್ ಒಳ್ಳೆಯ ಉದಾಹರಣೆ. ಅದರ ಹೊರಮೈಯ ಬಹುಭಾಗ ಅಲ್ಯೂಮಿನಿಯಂ, ಚಾಸಿ ಉಕ್ಕಿನದು. ಮೇಲೆ ಕೆಂಪು ತುಕ್ಕಿನ ಗುರುತೇ ಇಲ್ಲದೆ ಕೆಳಗೆ ತೂತು ಬಿದ್ದಿರಬಹುದು.

ಆಮೇಲೆ ಎಣ್ಣೆ. ತಿರುವಿನಲ್ಲಿ ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆಗೆ ಡಿಫರೆನ್ಷಿಯಲ್ ಎನ್ನುತ್ತಾರೆ; ಎಂಜಿನ್ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ ಟ್ರಾನ್ಸ್‌ಫರ್ ಕೇಸ್. ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್, ಈ ಮೂರರ ಎಣ್ಣೆ ಪ್ಲಗ್ಗುಗಳನ್ನೂ ತೆಗೆದು ತೋರಿಸಲು ಮಾರುವವರನ್ನು ಕೇಳಿ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆಯ ಹೊಳೆಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಹೊರಗಿನ ಗಾಳಿಯನ್ನು ಒಳಗೆ ಬಿಡಲೆಂದು ಬ್ರೀದರ್ ಎಂಬ ಪುಟ್ಟ ಕೊಳವೆ ಇರುತ್ತದೆ. ಅದು ಕೆಸರಿನಿಂದ ಮುಚ್ಚಿಹೋಗಿದ್ದರೆ ಆಕ್ಸಲ್ ತನ್ನ ಆಯಿಲ್ ಸೀಲಿನ ಮೂಲಕ ನೀರನ್ನೇ ಹೀರಿಕೊಳ್ಳುತ್ತದೆ. ನನ್ನ ಮೊದಲ ಗಾಡಿಯಲ್ಲಿ ಆದದ್ದು ಇದೇ. ಮುಂದಿನ ಡಿಫರೆನ್ಷಿಯಲ್ ವೇಗ ಹೆಚ್ಚಿದಂತೆ ಕೊರಗುವ ಸದ್ದು ಮಾಡುತ್ತಿತ್ತು. ಟೈರಿನ ಸದ್ದು ಎಂದುಕೊಂಡು ನಾಲ್ಕು ತಿಂಗಳು ಓಡಿಸಿದೆ. ಬಿಚ್ಚಿದಾಗ ಕ್ರೌನ್ ಮತ್ತು ಪಿನಿಯನ್ ಎಂಬ ಒಳಗಿನ ಗೇರುಗಳ ಹಲ್ಲುಗಳ ತುಂಬ ಕುಳಿಗಳು, ಬೇರಿಂಗುಗಳು ಪುಡಿಪುಡಿ. ಒಂದು ಗೇಣು ರಬ್ಬರ್ ಕೊಳವೆಯನ್ನು ಯಾರೂ ಸ್ವಚ್ಛ ಮಾಡದೆ ಬಿಟ್ಟದ್ದಕ್ಕೆ ಅಷ್ಟು ಹಣ ತೆತ್ತೆನಲ್ಲ ಎಂಬ ಸಂಕಟ ಇಂದಿಗೂ ಇದೆ.

ಮುಂದಿನ ಚಕ್ರವನ್ನು ಜ್ಯಾಕ್ ಹಾಕಿ ಎತ್ತಿ, ಮೇಲೊಂದು ಕೆಳಗೊಂದು ಕೈ ಇಟ್ಟು ಅಲುಗಾಡಿಸಿ. ಲಟಲಟ ಎಂದರೆ ವೀಲ್ ಬೇರಿಂಗ್, ಇಲ್ಲವೇ ಚಕ್ರ ಎಡಬಲಕ್ಕೆ ಹೊರಳುವ ಕೀಲಾದ ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್ ಸವೆದಿದೆ. ಎಡಬಲಕ್ಕೆ ಅಲುಗಾಡಿದರೆ, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ತುದಿಗಳನ್ನೂ ಪರೀಕ್ಷಿಸಿ. ಮುಂದೆ ಸಾಲಿಡ್ ಆಕ್ಸಲ್, ಅಂದರೆ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು, ಇರುವ ಗಾಡಿಯಲ್ಲಿ ಇವೆಲ್ಲ ಸ್ವಲ್ಪ ಸ್ವಲ್ಪವೇ ಸವೆದರೂ ಸಾಕು, ಒಂದು ಗುಂಡಿ ಹಾರಿದೊಡನೆ ಸ್ಟೀರಿಂಗ್ ಕೈಗೆ ಸಿಗದಂತೆ ನಡುಗಲು ತೊಡಗುತ್ತದೆ. ದೊಡ್ಡ ಟೈರ್ ಹಾಕಿಸಿದ್ದರೆ ಈ ಸವೆತ ಇನ್ನೂ ಬೇಗ. ದೊಡ್ಡ ಟೈರಿನಿಂದ ಇನ್ನೊಂದು ತೊಡಕೂ ಇದೆ. ಮೀಟರನ್ನು ಸರಿಹೊಂದಿಸಿರದಿದ್ದರೆ ಗಾಡಿ ನಿಜವಾಗಿ ಓಡಿದ್ದಕ್ಕಿಂತ ಕಡಿಮೆ ಕಿಲೋಮೀಟರ್ ತೋರಿಸುತ್ತದೆ.

ಫೋರ್ ವೀಲ್ ಡ್ರೈವನ್ನು ಸಡಿಲ ಮಣ್ಣಿನ ಮೇಲೆ ಪರೀಕ್ಷಿಸಿ. ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜಿಗೂ ಹಾಕಿ, ರಿವರ್ಸ್ ಸಹ ತೆಗೆದುಕೊಳ್ಳಿ. ಗೇರ್ ತಾನಾಗಿ ಕಳಚಿಕೊಳ್ಳಬಾರದು. ಬೇಕಾದಾಗ ಮಾತ್ರ ಫೋರ್ ವೀಲಿಗೆ ಹಾಕುವ ಪಾರ್ಟ್ ಟೈಮ್ ವ್ಯವಸ್ಥೆಯ ಗಾಡಿಯಲ್ಲಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಜಾರಲು ಅವಕಾಶವಿಲ್ಲದ ಒಣ ಡಾಂಬರಿನಲ್ಲಿ ಆ ವ್ಯತ್ಯಾಸವೆಲ್ಲ ಗೇರಿನ ಹಲ್ಲುಗಳ ಮೇಲೆ ಒತ್ತಡವಾಗಿ ಬೀಳುತ್ತದೆ. ಮಾರುವವರು "ಹೆದ್ದಾರಿಯಲ್ಲೂ ಫೋರ್ ವೀಲ್‌ನಲ್ಲೇ ಓಡಿಸುತ್ತೇನೆ" ಎಂದರೆ, ಮೊದಲು ಅದು ಫುಲ್ ಟೈಮ್ ವ್ಯವಸ್ಥೆಯ ಗಾಡಿಯೇ ಎಂದು ಖಚಿತಪಡಿಸಿಕೊಳ್ಳಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಏರ್ ಫಿಲ್ಟರ್ ಡಬ್ಬಿಯ ಒಳಗೋಡೆಯಲ್ಲಿ ಒಣಗಿದ ಕೆಸರಿನ ಗೆರೆ ಕಂಡರೆ ನೀರು ಅಲ್ಲಿಯವರೆಗೆ ಬಂದಿತ್ತೆಂದು ತಿಳಿದು ನಾನು ವ್ಯಾಪಾರವನ್ನೇ ಕೈಬಿಡುತ್ತೇನೆ. ನೀರು ಸಿಲಿಂಡರಿಗೆ ಹೋದರೆ ಪಿಸ್ಟನ್ ಅದನ್ನು ಗಾಳಿಯಂತೆ ಕುಗ್ಗಿಸಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಿಂದಿನ ಮಾಲೀಕರು ಸೇರಿಸಿದ ದೀಪ, ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ವಿಂಚ್‌ಗಳ ವೈರಿಂಗಿನಲ್ಲಿ ಫ್ಯೂಸ್ ಇದೆಯೇ ಎಂದೂ ನೋಡಿ.

ಇನ್ನು ಹಣದ ಮಾತು. ಬೆಲೆ ಕುದುರಿಸುವ ಮೊದಲೇ ಆ ಮಾದರಿಯ ಕ್ಲಚ್ ಸೆಟ್, ಮುಂದಿನ ಆಕ್ಸಲ್ ಶಾಫ್ಟ್, ವೀಲ್ ಬೇರಿಂಗ್, ಡೀಸೆಲ್ ಆದರೆ ಇಂಜೆಕ್ಟರ್, ಇವುಗಳ ದರ ವಿಚಾರಿಸಿ. ಎಷ್ಟು ದಿನಗಳಲ್ಲಿ ಸಿಗುತ್ತವೆ ಎಂಬುದನ್ನೂ ಕೇಳಿ, ಏಕೆಂದರೆ ಬಿಡಿಭಾಗಕ್ಕಾಗಿ ಗ್ಯಾರೇಜಿನಲ್ಲಿ ನಿಂತ ಗಾಡಿಯೂ ಖರ್ಚೇ. ದೀರ್ಘಕಾಲ ಒಂದೇ ವಿನ್ಯಾಸದಲ್ಲಿ ಬಂದ ಮಾದರಿಗಳು ಇಲ್ಲಿ ಕೈಹಿಡಿಯುತ್ತವೆ. ಸುಜುಕಿ ಜಿಮ್ನಿಯ ಮೂರನೇ ಪೀಳಿಗೆ 1998ರಿಂದ 2018ರವರೆಗೆ ತಯಾರಾಯಿತು. ಟೊಯೋಟಾ ಲ್ಯಾಂಡ್ ಕ್ರೂಸರ್ 70 ಸರಣಿ ಬಂದದ್ದು 1984ರಲ್ಲಿ.

ಕೊಂಡ ಮೊದಲ ವಾರದಲ್ಲೇ ಎಲ್ಲ ಎಣ್ಣೆಗಳು, ಕೂಲಂಟ್, ಬ್ರೇಕ್ ಫ್ಲೂಯಿಡ್ ಮತ್ತು ಫಿಲ್ಟರುಗಳನ್ನು ಬದಲಾಯಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ, ಬದಲಿಸಿದ್ದಕ್ಕೆ ಬಿಲ್ ಇಲ್ಲದಿದ್ದಾಗ ಬದಲಿಸಿಲ್ಲ ಎಂದೇ ತಿಳಿಯಿರಿ. ಇದನ್ನೆಲ್ಲ ಖರೀದಿ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಅದರಾಚೆಗೆ ಮೊದಲ ವರ್ಷಕ್ಕೆಂದು ಬೆಲೆಯ ಐದರಲ್ಲಿ ಒಂದು ಪಾಲನ್ನು ನಾನು ಬೇರೆ ಎತ್ತಿಡುತ್ತೇನೆ. ಎರಡನೇ ಗಾಡಿಗೆ ಅದರಲ್ಲಿ ಅರ್ಧವೂ ಬೇಕಾಗಲಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಈಗ ಖರ್ಚಿನ ಪಕ್ಕದಲ್ಲಿ ಇನ್ನೊಂದು ಕಲಂ ಇದೆ. ಚಕ್ರದ ನಡುಮಟ್ಟ ಮೀರಿದ ನೀರಿನಲ್ಲಿ ಗಾಡಿ ಇಳಿದ ದಿನಾಂಕವನ್ನು ಅಲ್ಲಿ ಬರೆಯುತ್ತೇನೆ. ಆ ವಾರ ಮುಗಿಯುವುದರೊಳಗೆ ಮೂರೂ ಪ್ಲಗ್ಗುಗಳನ್ನು ಬಿಚ್ಚಿ ಎಣ್ಣೆಯ ಬಣ್ಣ ನೋಡಿ, ಬ್ರೀದರ್ ಕೊಳವೆಯನ್ನು ಊದಿ, ದಿನಾಂಕದ ಮುಂದೆ ಒಂದು ಗುರುತು ಹಾಕುತ್ತೇನೆ.